ಸೊನ್ನೆ ಗಾಸ್ ಹುಡುಕುತ್ತಾ

ನನ್ನ ಪಿಎಚ್‌.ಡಿ. ಥೀಸಿಸ್‌ನ ಮೂರನೇ ಅಧ್ಯಾಯದಲ್ಲಿ ಒಂದು ಸಾಲು ಇದೆ. ‘ಅಳತೆಗೆ 1200 ಸುತ್ತಿನ ತಾಮ್ರದ ಕಾಯಿಲ್ ಬಳಸಲಾಗಿದೆ.’ ಅಷ್ಟೇ. ಓದುವವರು ಅದನ್ನು ದಾಟಿ ಮುಂದಿನ ಗ್ರಾಫಿಗೆ ಹೋಗುತ್ತಾರೆ. ಆದರೆ ಆ ಸಾಲಿನ ಹಿಂದೆ ಹೆಚ್ಚುಕಡಿಮೆ ಆರು ತಿಂಗಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗ್ರಾಫ್ ಯಾರಾದರೂ ನೋಡುತ್ತಾರೆ, ಕಾಯಿಲ್ ಕಥೆ ಯಾರಿಗೂ ಗೊತ್ತಾಗುವುದಿಲ್ಲ.

ನಾನು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಸೂಪರ್‌ಕಂಡಕ್ಟರ್‌ಗಳ ಮೇಲೆ ಕೆಲಸ ಮಾಡಿದೆ. ಶಾಲೆಯ ಪುಸ್ತಕದಲ್ಲಿ ಅತಿವಾಹಕ ಅಂತ ಓದಿರುತ್ತೀರಿ. 1911ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಕಮರ್ಲಿಂಗ್ ಓನೆಸ್ ಪಾದರಸವನ್ನು ದ್ರವ ಹೀಲಿಯಂನಲ್ಲಿ ತಣ್ಣಗೆ ಮಾಡಿದಾಗ, 4.2 ಕೆಲ್ವಿನ್ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ಹತ್ತಿರ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇದ್ದಕ್ಕಿದ್ದಂತೆ ಮಾಯವಾಯಿತು. ಅಲ್ಲಿಂದ ಈ ಕಥೆ ಶುರು. ನನ್ನನ್ನು ಹಿಡಿದಿಟ್ಟದ್ದು ಮಾತ್ರ ಇನ್ನೊಂದು ವಿಷಯ. ಕೆಲವು ಸೂಪರ್‌ಕಂಡಕ್ಟರ್‌ಗಳ ಮೇಲೆ ಕಾಂತಕ್ಷೇತ್ರ ಇಟ್ಟರೆ, ಅದು ಒಳಗೆ ನೀರಿನ ಹಾಗೆ ಹರಡಿಕೊಳ್ಳುವುದಿಲ್ಲ. ಎಣಿಸಬಹುದಾದ ತುಂಡುಗಳಾಗಿ ನುಗ್ಗುತ್ತದೆ. ಪ್ರತಿ ತುಂಡಿನ ಸುತ್ತ ಕರೆಂಟ್ ಗಿರಗಿರ ಸುತ್ತುತ್ತಿರುತ್ತದೆ. ಅದೇ ಸುಳಿ. ಎಲ್ಲ ತುಂಡುಗಳ ಅಳತೆಯೂ ಒಂದೇ. ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಉದ್ದ, ಒಂದು ಮೈಕ್ರಾನ್ ಅಗಲದ ಚೌಕದಲ್ಲಿ 20.7 ಗಾಸ್ ಇದ್ದರೆ ಸರಿಯಾಗಿ ಒಂದು ತುಂಡು. ಗಾಸ್ ಅಂದರೆ ಕಾಂತಕ್ಷೇತ್ರದ ಅಳತೆ. ಯಾವ ಲೋಹವಾದರೂ, ಯಾವ ಊರಾದರೂ ಈ ಲೆಕ್ಕ ಬದಲಾಗುವುದಿಲ್ಲ. ಅಬ್ರಿಕೊಸೊವ್ 1957ರಲ್ಲಿ ಈ ಸುಳಿಗಳ ಸಿದ್ಧಾಂತ ಬರೆದರು. ಅದಕ್ಕೆ ನೊಬೆಲ್ ಸಿಕ್ಕಿದ್ದು 2003ರಲ್ಲಿ.

ನನ್ನ ಚಿಪ್ ಹೀಗಿತ್ತು. ಸಿಲಿಕಾನ್ ಮೇಲೆ ತೆಳ್ಳಗೆ ಚಿನ್ನದ ಪದರ. ಅದರ ಮೇಲೆ ನಯೋಬಿಯಂ ಬಿಲ್ಲೆಗಳು, 200 ಸಾಲು, ಸಾಲಿಗೆ 200, ಒಟ್ಟು 40,000. ಒಂದು ಬಿಲ್ಲೆಯ ನಡುವಿನಿಂದ ಪಕ್ಕದ ಬಿಲ್ಲೆಯ ನಡುವಿಗೆ 2 ಮೈಕ್ರಾನ್. ಇಡೀ ಜಾಲ ಒಂದು ಸಾಸಿವೆ ಕಾಳಿನಡಿ ಮುಚ್ಚಿಹೋಗುತ್ತದೆ. ಬಿಲ್ಲೆಗಳು ಒಂದಕ್ಕೊಂದು ತಾಗಿಲ್ಲ, ನಡುವೆ 0.3 ಮೈಕ್ರಾನ್ ಸಂದಿ ಇದೆ. ಆದರೂ ಸಾಕಷ್ಟು ತಣ್ಣಗಾದರೆ ಕರೆಂಟ್ ಕೆಳಗಿನ ಚಿನ್ನದ ಮೂಲಕ ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ ರೆಸಿಸ್ಟೆನ್ಸ್ ಇಲ್ಲದೆ ದಾಟುತ್ತದೆ. ಇಂಥ ಸಂದಿಗೆ ಜೋಸೆಫ್ಸನ್ ಜಂಕ್ಷನ್ ಅನ್ನುತ್ತೇವೆ. ಬ್ರಯನ್ ಜೋಸೆಫ್ಸನ್ 1962ರಲ್ಲಿ ಇದನ್ನು ಲೆಕ್ಕ ಹಾಕಿ ಹೇಳಿದಾಗ ಅವರಿಗೆ 22 ವರ್ಷ. ನಾನು ಆ ವಯಸ್ಸಿನಲ್ಲಿ ಎಂ.ಎಸ್ಸಿ. ಲ್ಯಾಬ್ ರೆಕಾರ್ಡ್ ಬರೆಯುತ್ತಿದ್ದೆ.

ನಾಲ್ಕು ಬಿಲ್ಲೆಗಳ ನಡುವೆ ಒಂದು ಖಾಲಿ ಜಾಗ ಉಳಿಯುತ್ತದಲ್ವಾ, ಸುಳಿ ಹೋಗಿ ಕೂರುವುದು ಅಲ್ಲಿ. ನಮ್ಮನೆಯಲ್ಲಿ ಅಜ್ಜಿಯ ಅಳಗುಳಿ ಮಣೆ ಇತ್ತು. ಗುಳಿಗಳಲ್ಲಿ ಹುಣಸೆ ಬೀಜ ಹಾಕಿ ಆಡುತ್ತಿದ್ದೆವು. ಈ ಜಾಲವನ್ನು 200 ಸಾಲಿನ ಅಳಗುಳಿ ಮಣೆ ಅಂದುಕೊಳ್ಳಿ. ಬೀಜಗಳು ಸುಳಿಗಳು. ಒಂದೇ ವ್ಯತ್ಯಾಸ, ಈ ಬೀಜಗಳು ಒಂದನ್ನೊಂದು ದೂರ ತಳ್ಳುತ್ತವೆ. ಒಂದು ಗುಳಿಯಿಂದ ಪಕ್ಕದ ಗುಳಿಗೆ ಹಾರಲು ಜಾಸ್ತಿ ಶಕ್ತಿಯೂ ಬೇಡ, ಒಂದು ಜಂಕ್ಷನ್‌ನ ಶಕ್ತಿಯ ಐದರಲ್ಲಿ ಒಂದು ಭಾಗ ಸಾಕು.

ಗುಳಿಯ ವಿಸ್ತೀರ್ಣ 4 ಚದರ ಮೈಕ್ರಾನ್. ಹಾಗಾಗಿ 5.17 ಗಾಸ್ ಕೊಟ್ಟರೆ ಪ್ರತಿ ಗುಳಿಗೂ ಒಂದೊಂದು ಸುಳಿ. ಅದರ ಅರ್ಧ ಕೊಟ್ಟರೆ? ಎರಡು ಗುಳಿಗೆ ಒಂದು. ಒಂದನ್ನೊಂದು ತಳ್ಳುವುದರಿಂದ ಅವು ಒಂದು ಬಿಟ್ಟು ಒಂದರಲ್ಲಿ, ಚದುರಂಗದ ಮಣೆಯ ಕಪ್ಪು ಮನೆಗಳ ಹಾಗೆ ಕೂರುತ್ತವೆ. ಮೂರರಲ್ಲಿ ಒಂದು ಭಾಗ ಕೊಟ್ಟರೆ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಸಾಲು ಕಟ್ಟುತ್ತವೆ. 1983ರಲ್ಲಿ ಟೈಟೆಲ್ ಮತ್ತು ಜಯಪ್ರಕಾಶ್ ಇದನ್ನೆಲ್ಲ ಲೆಕ್ಕ ಹಾಕಿ ತೋರಿಸಿದ್ದರು. ನಾನು ಅವನ್ನು ಕಣ್ಣಲ್ಲಿ ನೋಡಲು ಆಗುವುದಿಲ್ಲ. ರೆಸಿಸ್ಟೆನ್ಸ್ ಮೂಲಕ ತಿಳಿಯಬೇಕು. ಸುಳಿಗಳು ಓಡಾಡಿದರೆ ವೋಲ್ಟೇಜ್ ಬರುತ್ತದೆ. ಗಟ್ಟಿಯಾಗಿ ಸಾಲು ಕಟ್ಟಿ ಕೂತರೆ ವೋಲ್ಟೇಜ್ ಬೀಳುತ್ತದೆ. ಕ್ಷೇತ್ರವನ್ನು ಮೆಲ್ಲಗೆ ಏರಿಸುತ್ತಾ ಹೋದರೆ ಅರ್ಧದಲ್ಲಿ, ಮೂರರಲ್ಲೊಂದರಲ್ಲಿ, ನಾಲ್ಕರಲ್ಲೊಂದರಲ್ಲಿ ಗ್ರಾಫ್ ತಗ್ಗುತ್ತದೆ. ನನ್ನ ಕೆಲಸ ಆ ತಗ್ಗುಗಳನ್ನು ನೋಡುವುದು.

ಚಿಪ್ ಮಾಡಿದ ಕಥೆಯನ್ನು ಬೇಗ ಮುಗಿಸುತ್ತೇನೆ. ಎಲೆಕ್ಟ್ರಾನ್ ಬೀಮ್‌ನಲ್ಲಿ ಬಿಲ್ಲೆಗಳ ಚಿತ್ರ ಬರೆಯುವುದು, ಲೋಹ ಕೂರಿಸುವುದು, ಬೇಡದ್ದನ್ನು ಅಸಿಟೋನ್‌ನಲ್ಲಿ ನೆನೆಸಿ ಎಬ್ಬಿಸುವುದು. ತೊಂದರೆ ಕೊಟ್ಟದ್ದು ನಯೋಬಿಯಂ. ಅದು ಕರಗಲು 2,400 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬೇಕು. ಬಿಸಿಗೆ, ಚಿತ್ರ ಬರೆಯಲು ಬಳಿದ ರೆಸಿಸ್ಟ್ ಅನ್ನುವ ಪದರ ಗ್ಯಾಸ್ ಬಿಡುತ್ತದೆ, ನಯೋಬಿಯಂ ಆ ಕೊಳೆಯನ್ನೆಲ್ಲ ಹೀರಿಕೊಳ್ಳುತ್ತದೆ. ಶುದ್ಧ ನಯೋಬಿಯಂ 9.2 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗಬೇಕು. ನನ್ನ ಮೊದಲ ಎರಡು ಚಿಪ್‌ಗಳು 4.2ಕ್ಕೆ ಇಳಿದರೂ ಆಗಲಿಲ್ಲ. ಛೇಂಬರಿನ ವ್ಯಾಕ್ಯೂಮ್ ಸರಿಮಾಡಿ, ಒಂದೇ ಸಲ ಕೂರಿಸುವ ಬದಲು ನಡುನಡುವೆ ನಿಲ್ಲಿಸಿ ಆರಲು ಬಿಟ್ಟು, ಮೂರನೇ ಚಿಪ್ ಮಾಡಿದೆ.

ಆ ಮೂರನೆಯದು ತಣ್ಣಗಾಗುವುದನ್ನು ನೋಡಿದ ದಿನ ಚೆನ್ನಾಗಿ ನೆನಪಿದೆ. 8.6 ಕೆಲ್ವಿನ್‌ನಲ್ಲಿ ರೆಸಿಸ್ಟೆನ್ಸ್ ಒಂದು ಮೆಟ್ಟಿಲು ಇಳಿಯಿತು. ಅದು ಬಿಲ್ಲೆಗಳು ಒಂದೊಂದೂ ಬೇರೆ ಬೇರೆಯಾಗಿ ಸೂಪರ್‌ಕಂಡಕ್ಟರ್ ಆದ ಗುರುತು. ಆಮೇಲೆ ಸುಮಾರು ಹೊತ್ತು ಗ್ರಾಫ್ ಓರೆಯಾಗಿ ಮೆಲ್ಲಗೆ ಇಳಿಯುತ್ತಾ ಹೋಯಿತು. ಬಿಲ್ಲೆಗಳು ಇನ್ನೂ ತಮ್ಮ ಪಾಡಿಗೆ ತಾವಿದ್ದವು. 5.4ರ ಹತ್ತಿರ 40,000 ಬಿಲ್ಲೆಗಳೂ ಒಟ್ಟಿಗೆ ಒಂದೇ ಲಯಕ್ಕೆ ಬಂದು ರೆಸಿಸ್ಟೆನ್ಸ್ ಸೊನ್ನೆಗೆ ಬಿತ್ತು. ಎರಡು ಮೆಟ್ಟಿಲೂ ಕಂಡವು. ಜಾಲ ಸರಿಯಿದೆ ಅಂತ ಅದರರ್ಥ. ಇನ್ನು ಕ್ಷೇತ್ರ ಕೊಟ್ಟರೆ ಒಂದು ವಾರದಲ್ಲಿ ಮುಗಿಯುತ್ತದೆ ಅಂದುಕೊಂಡೆ.

ಅಲ್ಲಿಂದ ಎರಡೂವರೆ ತಿಂಗಳು ಏನೂ ಸರಿಬರಲಿಲ್ಲ.

ನಮ್ಮಲ್ಲಿದ್ದದ್ದು 9 ಟೆಸ್ಲಾದ ದೊಡ್ಡ ಮ್ಯಾಗ್ನೆಟ್. 9 ಟೆಸ್ಲಾ ಅಂದರೆ 90,000 ಗಾಸ್. ನನಗೆ ಬೇಕಿದ್ದದ್ದು 10 ಗಾಸ್. ಕ್ಷೇತ್ರ ಏರಿಸುವಾಗ ತಗ್ಗುಗಳು ಒಂದು ಜಾಗದಲ್ಲಿ ಬಂದವು, ಇಳಿಸುವಾಗ ಇನ್ನೊಂದು ಜಾಗದಲ್ಲಿ. ಮರುದಿನ ಮೂರನೇ ಜಾಗದಲ್ಲಿ. ಮ್ಯಾಗ್ನೆಟ್ ಪರದೆ ‘ಸೊನ್ನೆ’ ಅನ್ನುವಾಗ ಚಿಪ್ ಮೇಲೆ ನಿಜವಾಗಿ ಎಷ್ಟಿದೆ ಅಂತಲೇ ತಿಳಿಯಲಿಲ್ಲ. ನಾನು ಚಿಪ್ಪನ್ನು ಅನುಮಾನಿಸಿದೆ. ಬಾಂಡಿಂಗ್ ತಂತಿ ಕಿತ್ತು ಹೊಸದು ಹಾಕಿದೆ. ಥರ್ಮಾಮೀಟರ್ ಬದಲಿಸಿದೆ. ಒಂದು ರಾತ್ರಿ ಲ್ಯಾಬಿನ ಎಲ್ಲಾ ಟ್ಯೂಬ್‌ಲೈಟ್ ಆರಿಸಿ ಕತ್ತಲಲ್ಲಿ ಅಳೆದೆ. ಪ್ರತಿ ಸಲ ತಣ್ಣಗೆ ಮಾಡುವಾಗಲೂ ಹೀಲಿಯಂ ಖರ್ಚು. ರಿಕವರಿ ಲೈನ್‌ನಲ್ಲಿ ಗ್ಯಾಸ್ ವಾಪಸ್ ಹಿಡಿಯುತ್ತೇವೆ, ಆದರೂ ಅದು ಕಡಿಮೆ ದುಡ್ಡಿನ ಕೆಲಸ ಅಲ್ಲ. ಆ ದಿನಗಳಲ್ಲಿ ಗೈಡ್ ಮೇಡಂ ಎದುರು ಹೋಗಲು ಸಂಕೋಚವಾಗುತ್ತಿತ್ತು.

ಕೊನೆಗೆ ಮೇಡಮ್ಮೇ ನನ್ನ ಮೇಜಿನ ಹತ್ತಿರ ಬಂದು ಗ್ರಾಫ್‌ಗಳನ್ನೆಲ್ಲ ಸಾಲಾಗಿ ಹರಡಿ ನೋಡಿದರು. “ಚಿಪ್ ಬಿಡು. ಮ್ಯಾಗ್ನೆಟ್ ತಂತಿ ಯಾವುದರದ್ದು?” ಅಂದರು.

“ನಯೋಬಿಯಂ-ಟೈಟೇನಿಯಂ, ಮೇಡಂ.”

“ಅದೂ ಸೂಪರ್‌ಕಂಡಕ್ಟರೇ ಅಲ್ವಾ?”

ಅಲ್ಲೇ ನನಗೆ ಹೊಳೆಯಿತು. ನಾನು ಚಿಪ್‌ನಲ್ಲಿ ಹುಡುಕುತ್ತಿದ್ದ ಸುಳಿಗಳೇ ಮ್ಯಾಗ್ನೆಟ್ ತಂತಿಯೊಳಗೂ ಇವೆ. ಹಿಂದೆ ಯಾರೋ ದೊಡ್ಡ ಕ್ಷೇತ್ರ ಏರಿಸಿ ಇಳಿಸಿದಾಗ ಅವು ತಂತಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಕರೆಂಟ್ ಪೂರ್ತಿ ನಿಲ್ಲಿಸಿದರೂ ಅವು ಹೊರಡುವುದಿಲ್ಲ. ಇಂಥ ಮ್ಯಾಗ್ನೆಟ್ಟಿನಲ್ಲಿ ಇಪ್ಪತ್ತು ಗಾಸ್ ಆಸುಪಾಸು ಹಾಗೇ ಉಳಿಯುವುದು ಮಾಮೂಲು. ಟೆಸ್ಲಾ ಲೆಕ್ಕದಲ್ಲಿ ಕೆಲಸ ಮಾಡುವವರಿಗೆ ಅದು ಲೆಕ್ಕಕ್ಕೇ ಇಲ್ಲ. ನನ್ನ ಜಾಲಕ್ಕೆ ಅದು ಗುಳಿಗೆ ನಾಲ್ಕು ಸುಳಿ. ವೇಬ್ರಿಜ್ ಮೇಲೆ ಮೂಗುತಿ ತೂಗಲು ಹೊರಟ ಹಾಗಾಗಿತ್ತು.

“ಚಿಕ್ಕದೊಂದು ತಾಮ್ರದ ಕಾಯಿಲ್ ಮಾಡಿಸು” ಅಂದರು ಮೇಡಂ. ತಾಮ್ರ ಸೂಪರ್‌ಕಂಡಕ್ಟರ್ ಆಗುವುದಿಲ್ಲ. ಕರೆಂಟ್ ನಿಂತರೆ ಅದರ ಕ್ಷೇತ್ರವೂ ನಿಂತಿತು.

ನಮ್ಮ ಚಿಕ್ಕಪ್ಪನಿಗೆ ತಿಪಟೂರು ಕಡೆ ಮೋಟರ್ ವೈಂಡಿಂಗ್ ಅಂಗಡಿ ಇದೆ. ಸುತ್ತಮುತ್ತಲ ತೆಂಗಿನ ತೋಟಗಳ ಪಂಪ್‌ಸೆಟ್ ಮೋಟರ್, ಫ್ಯಾನ್, ಮಿಕ್ಸಿ ಎಲ್ಲ ಸುಟ್ಟರೆ ಅಲ್ಲಿಗೇ ಬರುತ್ತವೆ. ಬೇಸಿಗೆ ರಜೆಯಲ್ಲಿ ಆ ಅಂಗಡಿಯ ವಾರ್ನಿಶ್ ವಾಸನೆಯಲ್ಲೇ ನಾನು ಬೆಳೆದದ್ದು. ಶನಿವಾರ ಬೆಳಿಗ್ಗೆ ಬಸ್ ಹತ್ತಿದೆ.

“ಎಷ್ಟು ಎಚ್‌.ಪಿ. ಮೋಟರಿಗಮ್ಮ?” ಅಂತ ಕೇಳಿದರು.

“ಮೋಟರ್ ಅಲ್ಲ ಚಿಕ್ಕಪ್ಪ. ಬರೀ ಕಾಯಿಲ್.”

“ತಿರುಗೋದೇ ಇಲ್ವಾ?”

“ಕಾಯಿಲ್ ತಿರುಗಲ್ಲ. ಅದರೊಳಗೆ ಇಡೋ ಚಿಪ್‌ನಲ್ಲಿ ಕರೆಂಟ್ ಸುತ್ತುತ್ತೆ.”

ಅವರು ಸ್ವಲ್ಪ ಹೊತ್ತು ಯೋಚಿಸಿ, “ಆಯ್ತು, ಅಳತೆ ಹೇಳು” ಅಂದರು. ತಂತಿ ಸುತ್ತುವ ಅಚ್ಚು, ಅಂದರೆ ಫಾರ್ಮರ್‌ಗೆ ನಾನು ಮೂರೂವರೆ ಸೆಂಟಿಮೀಟರ್ ದಪ್ಪದ ಹೈಲಂ (ಗಟ್ಟಿ ಪ್ಲಾಸ್ಟಿಕ್) ಪೈಪ್ ಒಯ್ದಿದ್ದೆ. ಕಬ್ಬಿಣ ಹತ್ತಿರ ಬರಬಾರದು ಅಂತ ಹೇಳಿದ್ದಕ್ಕೆ ಅವರು ಎರಡು ಕಡೆಯ ಬೋಲ್ಟ್‌ಗಳನ್ನೂ ಬಿಚ್ಚಿ ಹಿತ್ತಾಳೆಯದು ಹುಡುಕಿ ಹಾಕಿದರು. 32 ಗೇಜ್ ಎನಾಮಲ್ ತಂತಿ. ಕೈಯಲ್ಲಿ ತಿರುಗಿಸುವ ಯಂತ್ರಕ್ಕೆ ಪೈಪ್ ಸಿಕ್ಕಿಸಿ, ಕೌಂಟರ್ ಸೊನ್ನೆ ಮಾಡಿ ಶುರುಮಾಡಿದರು. 10 ಸೆಂಟಿಮೀಟರ್ ಉದ್ದಕ್ಕೆ 300 ಸುತ್ತು ಒಂದು ಪದರ. ನಾಲ್ಕು ಪದರ.

ಅವರ ಕೈಯನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಬಲಗೈ ಹಿಡಿಕೆ ತಿರುಗಿಸುತ್ತಿತ್ತು. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದು ಚೂರು ಹತ್ತಿ ಬಟ್ಟೆ, ಅದರೊಳಗಿಂದ ತಂತಿ ಹಾಯುತ್ತಿತ್ತು. ಬಿಗಿ ಜಾಸ್ತಿಯಾದರೆ ಎನಾಮಲ್ ಬಿರುಕು ಬಿಡುತ್ತದೆ, ಕಡಿಮೆಯಾದರೆ ಸುತ್ತು ಸಡಿಲ. ಹೊಸ ಸುತ್ತು ಹಳೆಯ ಸುತ್ತಿನ ಪಕ್ಕಕ್ಕೆ ತಾಗಿದಾಗ ಸಣ್ಣಗೆ ‘ಟಿಕ್’ ಅನ್ನುತ್ತಿತ್ತು. ಮೂರನೇ ಪದರದಲ್ಲಿ ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿತು. ನನ್ನ ಕಣ್ಣಿಗೆ ಕಾಣಲಿಲ್ಲ, ಅವರ ಬೆರಳಿಗೆ ತಿಳಿಯಿತು. ಐವತ್ತು ಸುತ್ತು ಬಿಚ್ಚಿ ಮತ್ತೆ ಸುತ್ತಿದರು. ಪದರದ ನಡುವೆ ಲೆದರಾಯ್ಡ್ ಪೇಪರ್ ಇಟ್ಟರು. ಮುಗಿದ ಮೇಲೆ ಪೈಪಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ 1200 ಅಂತ ಬರೆದು, ಕೆಳಗೊಂದು ಗೆರೆ ಎಳೆದರು. ಮಲ್ಟಿಮೀಟರ್ ಇಟ್ಟರೆ 38 ಓಮ್.

ಬೆಂಗಳೂರಿಗೆ ತಂದು, ಕಾಂತಕ್ಷೇತ್ರ ಅಳೆಯುವ ಹಾಲ್ ಪ್ರೋಬ್‌ನಲ್ಲಿ ಅಳೆದೆ. 100 ಮಿಲಿಆಂಪ್ ಕೊಟ್ಟರೆ ನಡುವಿನಲ್ಲಿ 14 ಗಾಸ್. ಒಂದು ಗಾಸಿಗೆ 7 ಮಿಲಿಆಂಪ್ ಅಂತ ಲೆಕ್ಕ ಹಿಡಿದೆ.

ಅಳತೆ ಮಾಡಿದ್ದು ರಾತ್ರಿ. ಹಗಲಲ್ಲಿ ಕಟ್ಟಡದ ಯಂತ್ರಗಳ ಗದ್ದಲವೆಲ್ಲ ತಂತಿಯಲ್ಲಿ ಬರುತ್ತದೆ. ಈ ಸಲ ದೊಡ್ಡ ಮ್ಯಾಗ್ನೆಟ್ ಇಲ್ಲ. ಉದ್ದನೆ ಕೋಲಿನ ತುದಿಯಲ್ಲಿ ಚಿಪ್, ಅದರ ಸುತ್ತ ಚಿಕ್ಕಪ್ಪನ ಕಾಯಿಲ್. ಅದನ್ನು ಹೀಲಿಯಂ ಇಡುವ ಫ್ಲಾಸ್ಕ್, ಅಂದರೆ ಡ್ಯೂವರ್‌ನೊಳಗೆ ಮೆಲ್ಲಗೆ ಇಳಿಸಬೇಕು. ಮೊದಲು ಒಳಗೆ ಹೀಲಿಯಂ ಎಷ್ಟಿದೆ ಅಂತ ನೋಡಬೇಕು. ಅದಕ್ಕೆ ನಾವು ಬಳಸುವುದು ಒಂದು ಸಣ್ಣ ಕೊಳವೆ, ಮೇಲ್ತುದಿಗೆ ಬಿಗಿದ ರಬ್ಬರ್ ಹಾಳೆ. ಕೊಳವೆಯನ್ನು ಡ್ಯೂವರಿಗೆ ಇಳಿಸಿ ರಬ್ಬರ್ ಮೇಲೆ ಹೆಬ್ಬೆರಳಿಟ್ಟರೆ ಅದು ತಾನಾಗಿ ಮಿಡಿಯುತ್ತದೆ. ತುದಿ ದ್ರವದಲ್ಲಿ ಮುಳುಗಿದ್ದರೆ ನಿಧಾನವಾಗಿ ದಪ್ಪ ದಪ್ಪ ಬಡಿತ, ಮೇಲಕ್ಕೆ ಎತ್ತಿ ದ್ರವದಿಂದ ಹೊರಗೆ ಬಂತು ಅನ್ನುವಾಗ ಬಡಿತ ಚುರುಕಾಗುತ್ತದೆ. ನಾಡಿ ಹಿಡಿದ ಹಾಗೆ. ಎಷ್ಟು ಒಳ್ಳೆ ಮೀಟರ್ ಬಂದರೂ ನನಗೆ ಈ ಹೆಬ್ಬೆರಳಿನ ಅಳತೆಯೇ ಇಷ್ಟ.

ಕೋಲನ್ನು ಇಳಿಸಲು ಮುಕ್ಕಾಲು ಗಂಟೆ ತೆಗೆದುಕೊಂಡೆ. ಅವಸರ ಮಾಡಿದರೆ ಹೀಲಿಯಂ ಭುಸ್ ಅಂತ ಆವಿಯಾಗಿ ಹೋಗುತ್ತದೆ. ತಳ ಮುಟ್ಟಿದಾಗ ಕಾಯಿಲ್‌ನ 38 ಓಮ್ ಒಂದು ಓಮ್‌ಗಿಂತ ಕಡಿಮೆಯಾಗಿತ್ತು. ತಣ್ಣಗಿನ ತಾಮ್ರಕ್ಕೆ ಬಿಸಿಯಾಗುವ ಭಯ ಇಲ್ಲ. ಚಿಪ್ಪನ್ನು ಪುಟ್ಟ ಹೀಟರ್‌ನಿಂದ 5.4ರ ಹತ್ತಿರ ತಂದು ನಿಲ್ಲಿಸಿದೆ. ಸುಳಿಗಳು ಸ್ವಲ್ಪ ಅಲುಗಾಡಬೇಕು, ಪೂರ್ತಿ ಚೆದುರಬಾರದು. ಆ ಹದ ಸಿಗುವುದು ಅಲ್ಲೇ. ಚಿಪ್‌ಗೆ 1 ಮೈಕ್ರೋಆಂಪ್, ಸಣ್ಣ ವೋಲ್ಟೇಜ್ ಅಳೆಯುವ ಲಾಕ್-ಇನ್ ಯಂತ್ರ 17 ಹರ್ಟ್ಸ್‌ನಲ್ಲಿ. 50 ಹರ್ಟ್ಸ್ ಮೇನ್ಸ್‌ನಿಂದ ದೂರ ಇರಲಿ ಅಂತ. ಕಾಯಿಲ್ ಕರೆಂಟ್ ಮೈನಸ್ 100ರಿಂದ ಪ್ಲಸ್ 100 ಮಿಲಿಆಂಪ್, ಒಂದೊಂದು ಹೆಜ್ಜೆ 0.1. ಒಂದು ಬಿಂದುವಿಗೆ 3 ಸೆಕೆಂಡ್. ಅಂದರೆ ನೂರು ನಿಮಿಷ ಕಾಯಬೇಕು.

ಮೊದಲ ಅರ್ಧ ಗಂಟೆಯಲ್ಲೇ ಎರಡು ಆಳವಾದ ತಗ್ಗು ಬಂದವು. ಎರಡರ ನಡುವೆ 36 ಮಿಲಿಆಂಪ್ ಚಿಲ್ಲರೆ. ಏಳರಿಂದ ಭಾಗಿಸಿದೆ. 5.17 ಗಾಸ್. ನಾನು ಪುಸ್ತಕದಲ್ಲಿ ಬರೆದುಕೊಂಡಿದ್ದ ಅಂಕಿ ಅದೇ. ಕಾಗದದ ಮೇಲೆ ಹಾಕಿದ ಲೆಕ್ಕವನ್ನು ಆ ಸಾಸಿವೆ ಕಾಳಿನಷ್ಟು ಜಾಗ ಒಪ್ಪಿಕೊಂಡಿತ್ತು.

ಆಮೇಲೆ ಬಂತು ಅರ್ಧ. ಲಾಕ್-ಇನ್ ಪರದೆಯಲ್ಲಿ 40 ನ್ಯಾನೋವೋಲ್ಟ್ ಹತ್ತಿರ ಆಡುತ್ತಿದ್ದ ಅಂಕಿ 33 ಆಯಿತು, 25 ಆಯಿತು, 12ಕ್ಕೆ ಬಂದು ನಿಂತು, ಮತ್ತೆ ಏರಿತು. ಒಂದು ನ್ಯಾನೋವೋಲ್ಟ್ ಅಂದರೆ ಸೆಕೆಂಡಿಗೆ 4.836 ಲಕ್ಷ ಸುಳಿಗಳು ಜಾಲವನ್ನು ಅಡ್ಡ ದಾಟಿದ ಲೆಕ್ಕ. ಆ ಮಟ್ಟದಲ್ಲಿ 40 ನ್ಯಾನೋವೋಲ್ಟ್ ಅಂದರೆ ಸೆಕೆಂಡಿಗೆ 1 ಕೋಟಿ 93 ಲಕ್ಷ. 12 ಅಂದರೆ 58 ಲಕ್ಷ. ಒಂದೆರಡು ಮಿಲಿಆಂಪ್ ಸರಿದದ್ದಕ್ಕೆ, ಅಷ್ಟು ಜನಜಂಗುಳಿ ಇದ್ದಕ್ಕಿದ್ದಂತೆ ಸಾಲಿನಲ್ಲಿ ಕೂತುಬಿಟ್ಟಿತು. 20,000 ಸುಳಿಗಳು ಒಂದು ಬಿಟ್ಟು ಒಂದು ಗುಳಿಯಲ್ಲಿ. ಸ್ವಲ್ಪ ಮುಂದೆ ಹೋದರೆ ಹೆಚ್ಚಾದ ನಾಲ್ಕಾರು ನೂರಕ್ಕೆ ಕೂರಲು ಜಾಗವಿಲ್ಲ, ಅವು ಅತ್ತಿತ್ತ ಓಡಾಡಲು ಶುರುಮಾಡಿ ವೋಲ್ಟೇಜ್ ಏರಿಸುತ್ತವೆ. ರಾತ್ರಿ ಎರಡು ಗಂಟೆ. ಕಣ್ಣು ತುಂಬಿ ಬಂತು. ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಮೂರರಲ್ಲೊಂದು ಚೆನ್ನಾಗಿ ಕಂಡಿತು, ನಾಲ್ಕರಲ್ಲೊಂದು ಸುಮಾರಾಗಿ. ಐದರಲ್ಲೆರಡು ಇದೆಯೋ ಇಲ್ಲವೋ ಅನ್ನುವ ಹಾಗೆ ಸಣ್ಣ ಬಳುಕು. ಅದನ್ನು ಥೀಸಿಸ್‌ನಲ್ಲಿ ಬಾಣದ ಗುರುತು ಹಾಕಿ ತೋರಿಸಲು ನಾನು ಒಪ್ಪಲಿಲ್ಲ.

ಬೆಳಿಗ್ಗೆ ಗ್ರಾಫನ್ನು ದೊಡ್ಡದು ಮಾಡಿ ನೋಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಡುವಿನ ತಗ್ಗು, ಎಲ್ಲಕ್ಕಿಂತ ಆಳವಾದದ್ದು, ಸುಳಿಯೇ ಇಲ್ಲದ ಸ್ಥಿತಿಯದು. ಅದು ಸರಿಯಾಗಿ ಸೊನ್ನೆ ಮಿಲಿಆಂಪ್‌ನಲ್ಲಿ ಇರಬೇಕಿತ್ತು. ಇದ್ದದ್ದು ಮೈನಸ್ 0.7ರಲ್ಲಿ. ಗ್ರಾಫ್ ಇಡಿಯಾಗಿ ಅಷ್ಟು ಪಕ್ಕಕ್ಕೆ ಸರಿದಿತ್ತು. ಎರಡೂವರೆ ತಿಂಗಳ ನೆನಪಿನಿಂದ ನನಗೆ ಎದೆ ಧಸಕ್ ಅಂದಿತು. ಕರೆಂಟ್ ಕೊಡುವ ಪೆಟ್ಟಿಗೆಯೇ ತಪ್ಪು ತೋರಿಸುತ್ತಿದೆಯಾ? ಇಲ್ಲಾ, ನಿಜವಾಗಿಯೂ ಹೊರಗಿನಿಂದ ಏನಾದರೂ ಕ್ಷೇತ್ರ ಬರುತ್ತಿದೆಯಾ?

ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಕಾಯಿಲ್‌ನ ಎರಡು ತಂತಿಗಳನ್ನು ಅದಲುಬದಲು ಮಾಡುವುದು. ತಪ್ಪು ಪೆಟ್ಟಿಗೆಯದಾದರೆ ತಗ್ಗು ಮೈನಸ್ 0.7ರಲ್ಲೇ ಉಳಿಯುತ್ತದೆ. ಕ್ಷೇತ್ರ ಹೊರಗಿನದಾದರೆ ತಗ್ಗು ಪ್ಲಸ್ 0.7ಕ್ಕೆ ಹೋಗಬೇಕು. ಅದೇ ರಾತ್ರಿ ತಂತಿ ಬದಲಿಸಿ, ಸೊನ್ನೆಯ ಆಚೀಚೆ ಐದು ಮಿಲಿಆಂಪ್ ಮಾತ್ರ ಅಳೆದೆ. ತಗ್ಗು ಪ್ಲಸ್ 0.7ರಲ್ಲಿ ಬಂತು.

0.7 ಮಿಲಿಆಂಪ್ ಅಂದರೆ 0.1 ಗಾಸ್. ಅದು ಭೂಮಿಯದು. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರ ಒಟ್ಟು 0.4 ಗಾಸ್ ಇದೆ. ಆದರೆ ನಾವು ಭೂಮಿಯ ಕಾಂತ ಸಮಭಾಜಕಕ್ಕೆ ಹತ್ತಿರ ಇದ್ದೇವೆ. ಅದು ಭಾರತದ ದಕ್ಷಿಣ ತುದಿಯ ಪಕ್ಕದಲ್ಲೇ ಹಾದುಹೋಗುತ್ತದೆ. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ ತುಂಬಾ ಅನ್ನುವ ಊರನ್ನು ಆರಿಸಿದ್ದೂ ಅದೇ ಕಾರಣಕ್ಕೆ. ಹಾಗಾಗಿ ನಮ್ಮಲ್ಲಿ ಕ್ಷೇತ್ರ ಹೆಚ್ಚುಕಡಿಮೆ ಮಲಗಿಕೊಂಡೇ ಇರುತ್ತದೆ. ಅಂಗಾತ ಇಟ್ಟ ಚಿಪ್ಪಿಗೆ ನೇರವಾಗಿ ನಾಟುವುದು ಅದರ ನಾಲ್ಕರಲ್ಲಿ ಒಂದು ಭಾಗ ಮಾತ್ರ. ಅದೇ 0.1. ನನ್ನ ಜಾಲದ 40,000 ಗುಳಿಗಳಲ್ಲಿ ಅದು 800 ಸುಳಿ. ಇದೇ ಚಿಪ್ಪನ್ನು ಓನೆಸ್ ಇದ್ದ ಲೈಡನ್‌ನಲ್ಲಿ ಇಟ್ಟಿದ್ದರೆ, ಅಲ್ಲಿ ಕ್ಷೇತ್ರ ಕಡಿದಾಗಿ ನೆಲಕ್ಕೆ ಇಳಿಯುವುದರಿಂದ, ಏನೂ ಮಾಡದೆಯೇ ಮೂರು ಸಾವಿರಕ್ಕೂ ಜಾಸ್ತಿ ಸುಳಿಗಳು ಬಂದು ಕೂತಿರುತ್ತಿದ್ದವು.

ಲಾಗ್ ಪುಸ್ತಕದಲ್ಲಿ ‘ಸೊನ್ನೆ = ಮೈನಸ್ 0.7’ ಅಂತ ಬರೆದು ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಬೆಳಿಗ್ಗೆ ಆರು ಗಂಟೆ, ಅಂಗಡಿ ಇನ್ನೂ ತೆಗೆದಿರಲಿಲ್ಲ.

“ಶಾರ್ಟ್ ಏನೂ ಆಗಿಲ್ಲ ತಾನೆ?” ಅಂದರು.

“ಇಲ್ಲ ಚಿಕ್ಕಪ್ಪ.”

“ಮೂರನೇ ಪದರ?”

“ಅದೂ ಸರಿಯಾಗಿದೆ.”

ಕಾಯಿಲ್ ಈಗ ನಮ್ಮ ಜೂನಿಯರ್ ಹುಡುಗನ ಹತ್ತಿರ ಇದೆ. ಅವನದು ತ್ರಿಕೋನದ ಜಾಲ. ಪೈಪಿನ ಅಂಚಿನಲ್ಲಿ ಪೆನ್ಸಿಲ್ಲಿನ 1200 ಮಾಸಿಲ್ಲ. ಅದರ ಪಕ್ಕದಲ್ಲಿ ಅವನು ಮಾರ್ಕರ್‌ನಿಂದ ಮೈನಸ್ 0.7 ಅಂತ ಬರೆದಿದ್ದಾನೆ.